ಅಮೆರಿಕದಲ್ಲಿ ಎಲ್ಲರನ್ನೂ ಸೇರಿಸಿಕೊಳ್ಳುವ ಚರ್ಚು: ಹುಡುಕುವುದು ಹೇಗೆ, ಅಲ್ಲಿಯವರಾಗುವುದು ಹೇಗೆ

ಕೆಲಸಕ್ಕೋ ಓದಿಗೋ ಅಮೆರಿಕಕ್ಕೆ ಬಂದು, ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗಬೇಕು ಅಂತ ತಿಳಿಯದೆ ಇರುವ ಕನ್ನಡದವರಿಗೆ ಇದನ್ನು ಬರೆಯುತ್ತಿದ್ದೇನೆ. ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯಲ್ಲಿ ಬೆಳೆದವರಿರಬಹುದು, ಮಂಗಳೂರು ಕಡೆಯ ಕಥೋಲಿಕರಿರಬಹುದು, ಚರ್ಚು ಬಿಟ್ಟು ಎಷ್ಟೋ ವರ್ಷವಾದರೂ ಯೇಸುವನ್ನು ಬಿಡಲು ಆಗದವರಿರಬಹುದು. ದೊಡ್ಡ ಊರುಗಳಲ್ಲಿ ಮಲಯಾಳಂ, ತಮಿಳು, ತೆಲುಗು ಸಭೆಗಳು ಸಿಗುತ್ತವೆ. ಕೆಲವು ಕಡೆ ಕನ್ನಡದಲ್ಲೂ ಪ್ರಾರ್ಥನಾಕೂಟ ನಡೆಯುತ್ತದೆ. ಅಲ್ಲಿ ನಿಮಗೆ ನೆಮ್ಮದಿ ಇದ್ದರೆ ಅಲ್ಲಿಗೇ ಹೋಗಿ, ಅದು ದೊಡ್ಡ ಭಾಗ್ಯ.

ಆದರೆ ಎಲ್ಲರಿಗೂ ಅಲ್ಲಿ ನೆಮ್ಮದಿ ಸಿಗುವುದಿಲ್ಲ. ಮಗಳು ತಾನು ಲೆಸ್ಬಿಯನ್ ಅಂತ ಹೇಳಿದ್ದಾಳೆ. ಡೈವೋರ್ಸ್ ಆಗಿದೆ, ಜನ ಕಣ್ಣಲ್ಲೇ ಪ್ರಶ್ನೆ ಕೇಳುತ್ತಾರೆ. ಗಂಡ ಹಿಂದೂ, ಅವನು ಮತ ಬದಲಾಯಿಸಬೇಕು ಅಂತ ನಿಮಗೇ ಅನ್ನಿಸಿಲ್ಲ. ಅಥವಾ ಜೀವವಿಕಾಸ ಓದಿದ ಮೇಲೆ ಆದಿಕಾಂಡವನ್ನು ಅಕ್ಷರಕ್ಕೆ ಅಕ್ಷರ ನಂಬು ಅಂದರೆ ಆಗುತ್ತಿಲ್ಲ, ಪ್ರಾರ್ಥನೆ ಮಾತ್ರ ಬೇಕೇ ಬೇಕು. ಇಂಥವರಿಗೆ ಇಲ್ಲಿ ಜಾಗ ಇದೆ. ಪ್ರೊಗ್ರೆಸಿವ್ ಚರ್ಚು ಅಂತ ಕರೆಯುವುದು ಇಂಥ ಸಭೆಗಳನ್ನೇ. ಹೆಂಗಸರು ಸಭಾಪಾಲಕರಾಗುತ್ತಾರೆ. ಗೇ, ಲೆಸ್ಬಿಯನ್, ಟ್ರಾನ್ಸ್ ಜನ ಸದಸ್ಯರಾಗುತ್ತಾರೆ, ಮದುವೆಯಾಗುತ್ತಾರೆ, ಪ್ರಸಂಗ ಮಾಡುತ್ತಾರೆ. ಅನುಮಾನವನ್ನು ಪಾಪ ಅಂತ ಎಣಿಸುವುದಿಲ್ಲ. ಹಾಗಂತ ಇವು ಸುಮ್ನೆ ಸಮಾಜಸೇವೆಯ ಸಂಘಗಳಲ್ಲ. ಸತ್ಯವೇದ ಓದುತ್ತಾರೆ, ದೀಕ್ಷಾಸ್ನಾನ ಕೊಡುತ್ತಾರೆ, ಕರ್ತನ ಭೋಜನ ಹಂಚುತ್ತಾರೆ, ಸತ್ತವರನ್ನು ದೇವರ ಕೈಗೆ ಒಪ್ಪಿಸುತ್ತಾರೆ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ. ‘ಎಲ್ಲರಿಗೂ ಸ್ವಾಗತ’ ಅಂತ ಬೋರ್ಡು ಹಾಕುವುದು ಸುಲಭ. ಆ ಸಭೆ ರೊಟ್ಟಿಯ ತಟ್ಟೆಯನ್ನು ಯಾರ ಕೈಗೆ ಕೊಡುತ್ತದೆ, ಲೆಕ್ಕದ ಪುಸ್ತಕವನ್ನು ಯಾರ ಕೈಗೆ ಕೊಡುತ್ತದೆ, ಮಕ್ಕಳಿಗೆ ಪಾಠ ಮಾಡಲು ಯಾರನ್ನು ಕರೆಯುತ್ತದೆ ಅಂತ ನೋಡಿ. ಹುಡುಕುವಾಗಲೂ ಇದೇ ಅಳತೆ, ಸೇರಿದ ಮೇಲೂ ಇದೇ.

ಯಾವ ಪಂಗಡ, ಯಾವ ಹೆಸರು

ಮೊದಲು ಹೆಸರುಗಳ ಪರಿಚಯ ಮಾಡಿಕೊಳ್ಳಿ, ಇಲ್ಲದಿದ್ದರೆ ಗೂಗಲ್ ಮ್ಯಾಪಿನಲ್ಲಿ ಕಳೆದುಹೋಗುತ್ತೀರಿ. ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್, ಅಂದರೆ ಯುಸಿಸಿ, 1957ರಲ್ಲಿ ಎರಡು ಪಂಗಡಗಳು ಕೂಡಿ ಆದದ್ದು. ಅದರ ಹಿಂದಿನ ಕಾಂಗ್ರಿಗೇಷನಲ್ ಸಭೆಯೊಂದು 1853ರಲ್ಲೇ ನ್ಯೂಯಾರ್ಕ್ ರಾಜ್ಯದಲ್ಲಿ ಆಂಟೊನೆಟ್ ಬ್ರೌನ್ ಎಂಬ ಹೆಣ್ಣುಮಗಳಿಗೆ ಸಭಾಪಾಲಕಿಯ ದೀಕ್ಷೆ ಕೊಟ್ಟಿತ್ತು. 1972ರಲ್ಲಿ ತಾನು ಗೇ ಅಂತ ಬಹಿರಂಗವಾಗಿ ಹೇಳಿಕೊಂಡಿದ್ದ ವಿಲಿಯಂ ಜಾನ್ಸನ್‌ರಿಗೆ ಯುಸಿಸಿ ಕ್ಯಾಲಿಫೋರ್ನಿಯಾದಲ್ಲಿ ದೀಕ್ಷೆ ಕೊಟ್ಟಿತು. 1985ರಲ್ಲಿ ‘ಓಪನ್ ಅಂಡ್ ಅಫರ್ಮಿಂಗ್’ ಆಗಿ, ಅಂದರೆ ಗೇ, ಲೆಸ್ಬಿಯನ್ ಜನರನ್ನು ಬಹಿರಂಗವಾಗಿ ಒಪ್ಪಿ ಸೇರಿಸಿಕೊಳ್ಳಿ ಅಂತ ತನ್ನ ಎಲ್ಲ ಸಭೆಗಳಿಗೂ ಕರೆ ಕೊಟ್ಟಿತು. ಕರೆ ಅಷ್ಟೇ, ಆಜ್ಞೆ ಅಲ್ಲ. ಯುಸಿಸಿಯಲ್ಲಿ ಪ್ರತಿ ಸಭೆಯೂ ತನ್ನ ತೀರ್ಮಾನ ತಾನೇ ಮಾಡುತ್ತದೆ. ಹಾಗಾಗಿ ಹೊರಗೆ ಯುಸಿಸಿ ಅಂತ ಬರೆದಿದ್ದರೆ ಸಾಲದು, ಆ ಸಭೆ ಓಪನ್ ಅಂಡ್ ಅಫರ್ಮಿಂಗ್ ಅಂತ ತಾನೇ ಓಟು ಹಾಕಿ ಒಪ್ಪಿದೆಯೇ ಅಂತ ನೋಡಬೇಕು.

ಬೇರೆಯವರಲ್ಲೂ ಇಂಥ ಗುರುತುಗಳಿವೆ. ಲುಥರನ್ನರಲ್ಲಿ ಇಎಲ್‌ಸಿಎ ಎಂಬ ಪಂಗಡ 2009ರಲ್ಲಿ ಸಂಗಾತಿಯೊಂದಿಗೆ ಬದುಕುವ ಗೇ ಸಭಾಪಾಲಕರಿಗೆ ದಾರಿ ತೆರೆಯಿತು. ಅಲ್ಲಿ ‘ರೀಕನ್ಸೈಲಿಂಗ್ ಇನ್ ಕ್ರೈಸ್ಟ್’ ಎಂಬ ಮಾತು ಹುಡುಕಿ. ಪ್ರೆಸ್ಬಿಟೇರಿಯನ್ ಚರ್ಚ್ ಯುಎಸ್‌ಎಯಲ್ಲಿ ‘ಮೋರ್ ಲೈಟ್’. ಮೆಥೊಡಿಸ್ಟರಲ್ಲಿ ‘ರೀಕನ್ಸೈಲಿಂಗ್’. ಯುನೈಟೆಡ್ ಮೆಥೊಡಿಸ್ಟ್ ಚರ್ಚು ಬಹಳ ವರ್ಷ ಜಗಳವಾಡಿ, ಸಾವಿರಾರು ಸಭೆಗಳು ಬಿಟ್ಟುಹೋದ ಮೇಲೆ, 2024ರಲ್ಲಿ ಷಾರ್ಲಟ್ ನಗರದ ಮಹಾಸಭೆಯಲ್ಲಿ ಗೇ ಜನರ ದೀಕ್ಷೆ, ಮದುವೆಗಳ ಮೇಲಿದ್ದ ಹಳೆಯ ನಿಷೇಧಗಳನ್ನು ತೆಗೆದುಹಾಕಿತು. ಎಪಿಸ್ಕೋಪಲ್ ಚರ್ಚು, ಅಂದರೆ ಅಮೆರಿಕದ ಆಂಗ್ಲಿಕನ್ ಪಂಗಡ, 1976ರಲ್ಲಿ ಹೆಂಗಸರ ಗುರುದೀಕ್ಷೆಗೆ ಒಪ್ಪಿಗೆ ಕೊಟ್ಟಿತು, ಅಲ್ಲಿ 2015ರಿಂದ ಒಂದೇ ಲಿಂಗದ ಇಬ್ಬರ ಮದುವೆಗೆ ಆರಾಧನಾ ಕ್ರಮವೂ ಇದೆ. ಇನ್ನು ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚು ಶುರುವಾದದ್ದೇ ಬೇರೆಡೆ ಬಾಗಿಲು ಮುಚ್ಚಿಸಿಕೊಂಡ ಗೇ ಜನರಿಗಾಗಿ. 1968ರಲ್ಲಿ ಟ್ರಾಯ್ ಪೆರಿ ಲಾಸ್ ಏಂಜಲಿಸ್ ಹತ್ತಿರ ತಮ್ಮ ಮನೆಯ ಹಾಲಿನಲ್ಲೇ 12 ಜನರೊಂದಿಗೆ ಮೊದಲ ಆರಾಧನೆ ಮಾಡಿದರು.

ಸಿಎಸ್‌ಐನವರು ಇಲ್ಲಿ ಅನ್ಯರೇನಲ್ಲ ಅನ್ನುವುದನ್ನೂ ತಿಳಿದಿರಿ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿಎಸ್‌ಐ ಹುಟ್ಟಿದಾಗ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಧಾರೆಗಳು ಒಂದಾದವು. ಮದುರೈಯಲ್ಲಿ 1834ರಿಂದ ದುಡಿದ, ಅಮೆರಿಕನ್ ಬೋರ್ಡ್ ಎಂಬ ಮಿಷನ್ ಸಂಸ್ಥೆಯ ಮಿಷನರಿಗಳನ್ನು ಕಳುಹಿಸಿದ ಸಭೆಗಳಲ್ಲಿ ಎಷ್ಟೋ ಇವತ್ತು ಯುಸಿಸಿಯಲ್ಲಿವೆ. ಎಪಿಸ್ಕೋಪಲ್ ಚರ್ಚಿನ ಜೊತೆ ಸಿಎಸ್‌ಐಗೆ ಪೂರ್ಣ ಅನ್ಯೋನ್ಯತೆ ಇದೆ, ಅಂದರೆ ಒಬ್ಬರ ದೀಕ್ಷೆ, ಭೋಜನವನ್ನು ಇನ್ನೊಬ್ಬರು ಒಪ್ಪುತ್ತಾರೆ. ಹಾಗಾಗಿ ‘ನಾನು ಸಿಎಸ್‌ಐ’ ಅಂತ ಹೇಳಿ, ಓದಿಕೊಂಡ ಪಾಸ್ಟರಿಗೆ ತಕ್ಷಣ ಗೊತ್ತಾಗುತ್ತದೆ.

ಹೋಗುವ ಮುಂಚೆ ಒಂದು ಇಮೇಲ್ ಬರೆಯಿರಿ

ವೆಬ್‌ಸೈಟಿನಲ್ಲಿ ಎಲ್ಲರೂ ನಗುತ್ತಿರುತ್ತಾರೆ. ಅದನ್ನು ನಂಬಿ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಎಷ್ಟೋ ದೊಡ್ಡ ಚರ್ಚುಗಳು ‘ಹೇಗಿದ್ದೀರೋ ಹಾಗೇ ಬನ್ನಿ’ ಅನ್ನುತ್ತವೆ, ಬ್ಯಾಂಡು ಚೆನ್ನಾಗಿರುತ್ತದೆ, ಕಾಫಿಯೂ ಚೆನ್ನಾಗಿರುತ್ತದೆ. ಎರಡು ವರ್ಷ ಹೋದ ಮೇಲೆ ಮಗ ಸಂಡೇ ಸ್ಕೂಲಿನಲ್ಲಿ ಸಹಾಯ ಮಾಡುತ್ತೇನೆ ಅಂದಾಗ, ಅವನು ಗೇ ಅಂತ ಗೊತ್ತಾಗಿ, ಆಗ ನಿಯಮ ಹೊರಗೆ ಬರುತ್ತದೆ. ಆ ಪೆಟ್ಟು ಬಹಳ ಆಳಕ್ಕೆ ಹೋಗುತ್ತದೆ. ಅದಕ್ಕೇ ಮೊದಲೇ ಕೇಳಿ. 2017ರಲ್ಲಿ ಶುರುವಾದ ‘ಚರ್ಚ್ ಕ್ಲಾರಿಟಿ’ ಎಂಬ ಗುಂಪು ಮಾಡುವ ಕೆಲಸವೂ ಇದೇ: ಯಾವ ಚರ್ಚಿನ ನಿಯಮ ಎಷ್ಟು ಸ್ಪಷ್ಟವಾಗಿದೆ ಅಂತ ವೆಬ್‌ಸೈಟು ನೋಡಿ ಗುರುತು ಹಾಕುತ್ತಾರೆ.

ಇಮೇಲ್ ಉದ್ದ ಬೇಕಿಲ್ಲ. ನೇರವಾಗಿ ನಾಲ್ಕು ಪ್ರಶ್ನೆ ಸಾಕು. ನಿಮ್ಮಲ್ಲಿ ಇಬ್ಬರು ಹೆಂಗಸರಿಗೆ ಮದುವೆ ಮಾಡಿಸುತ್ತೀರಾ? ಟ್ರಾನ್ಸ್ ವ್ಯಕ್ತಿ ಡೀಕನ್ ಆಗಬಹುದಾ, ಮಕ್ಕಳಿಗೆ ಪಾಠ ಮಾಡಬಹುದಾ? ಹೆಂಗಸರು ಪ್ರಸಂಗ ಮಾಡುತ್ತಾರಾ? ನನ್ನ ಗಂಡ ಕ್ರೈಸ್ತನಲ್ಲ, ಅವನನ್ನು ಮತಾಂತರ ಮಾಡಲು ಯಾರಾದರೂ ಒತ್ತಾಯ ಮಾಡುತ್ತಾರಾ? ಕೇಳಲು ನಾಚಿಕೆ ಬೇಡ. ನಮ್ಮಲ್ಲಿ ಅಯ್ಯನವರ ಹತ್ತಿರ ಹೀಗೆಲ್ಲ ಕೇಳುವ ರೂಢಿ ಇಲ್ಲ ನಿಜ, ಆದರೆ ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಿಜವಾಗಿ ಬಾಗಿಲು ತೆರೆದಿರುವ ಸಭೆಯ ಪಾಸ್ಟರ್ ಒಂದೇ ಸಾಲಿನಲ್ಲಿ ಹೌದು ಅನ್ನುತ್ತಾರೆ. ‘ಅದು ಸೂಕ್ಷ್ಮ ವಿಷಯ, ಬನ್ನಿ ಕೂತು ಮಾತಾಡೋಣ’ ಅಂತ ಮಾತ್ರ ಉತ್ತರ ಬಂದರೆ ಬಹುಪಾಲು ಅದೇ ಉತ್ತರ ಅಂತ ತಿಳಿಯಿರಿ.

ಆಮೇಲೆ ಅವರ ಒಂದೆರಡು ಆರಾಧನೆಗಳನ್ನು ಯೂಟ್ಯೂಬಿನಲ್ಲಿ ನೋಡಿ. ಪ್ರಸಂಗಕ್ಕಿಂತ ಜಾಸ್ತಿ, ಯಾರು ಪಾಠ ಓದುತ್ತಾರೆ, ಯಾರು ಭೋಜನ ಹಂಚುತ್ತಾರೆ ಅಂತ ಗಮನಿಸಿ.

ಮೊದಲ ಭಾನುವಾರ

ಹತ್ತು ನಿಮಿಷ ಮುಂಚೆ ಹೋಗಿ. ಬಟ್ಟೆ ಯಾವುದಾದರೂ ನಡೆಯುತ್ತದೆ, ಜೀನ್ಸ್ ಹಾಕಿದವರೂ ಇರುತ್ತಾರೆ, ಸೀರೆ ಉಟ್ಟರೂ ಚೆನ್ನ. ಬಾಗಿಲಲ್ಲಿ ಒಬ್ಬರು ಬುಲೆಟಿನ್ ಕೊಡುತ್ತಾರೆ. ಆರಾಧನೆಯ ಪೂರ್ತಿ ಕ್ರಮ ಅದರಲ್ಲೇ ಇರುತ್ತದೆ, ದಪ್ಪ ಅಕ್ಷರದಲ್ಲಿರುವುದನ್ನು ಸಭೆಯವರು ಹೇಳಬೇಕು. ಎದ್ದು ನಿಲ್ಲಿ ಅಂತ ಬರೆದ ಕಡೆ ‘ಆಗುವವರು’ ಅಂತಲೂ ಇರುತ್ತದೆ. ಮಂಡಿನೋವಿದ್ದರೆ ಕೂತೇ ಇರಿ, ಯಾರೂ ತಿರುಗಿ ನೋಡುವುದಿಲ್ಲ. ಹೆಸರಿನ ಚೀಟಿ ಅಂಟಿಸಿಕೊಳ್ಳಲು ಹೇಳುತ್ತಾರೆ. ಕೆಲವರು ಹೆಸರಿನ ಕೆಳಗೆ ತಮ್ಮನ್ನು ‘ಅವನು’ ಅನ್ನಬೇಕೋ ‘ಅವಳು’ ಅನ್ನಬೇಕೋ ಅಂತಲೂ ಬರೆದಿರುತ್ತಾರೆ. ಅದನ್ನು ಓದಿ ಹಾಗೇ ಕರೆಯಿರಿ.

ಸಮಾಧಾನ ಹಂಚಿಕೊಳ್ಳುವ ಹೊತ್ತಿನಲ್ಲಿ ಕೆಲವು ಸಭೆಗಳಲ್ಲಿ ಜನ ಬೆಂಚು ಬಿಟ್ಟು ಓಡಾಡಿ ಎಲ್ಲರನ್ನೂ ಮಾತಾಡಿಸುತ್ತಾರೆ, ಐದು ನಿಮಿಷ ಗದ್ದಲವೋ ಗದ್ದಲ. ಕೆಲವರು ಅಪ್ಪಿಕೊಳ್ಳುತ್ತಾರೆ. ಅಪ್ಪುಗೆ ಬೇಡ ಅನ್ನಿಸಿದರೆ ಕೈ ಮುಗಿಯಿರಿ, ಅದನ್ನೂ ಸಂತೋಷದಿಂದ ಸ್ವೀಕರಿಸುತ್ತಾರೆ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಸಭೆಯವರೆಲ್ಲ ಸಮಾಧಾನ ಹಂಚಿಕೊಳ್ಳುವ ಈ ಪದ್ಧತಿ ಪಾಶ್ಚಾತ್ಯ ಪ್ರೊಟೆಸ್ಟೆಂಟರಲ್ಲಿ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಅದನ್ನು ಮತ್ತೆ ಜೀವಂತ ಮಾಡಿದವರಲ್ಲಿ ನಮ್ಮ ಸಿಎಸ್‌ಐ ಮುಂದು. 1950ರ ಸಿಎಸ್‌ಐ ಆರಾಧನಾ ಕ್ರಮದಲ್ಲಿ ಅದು ಬಂತು, ಆಮೇಲೆ ತಮ್ಮ ಕ್ರಮಗಳನ್ನು ತಿದ್ದಿಕೊಂಡ ಬೇರೆ ದೇಶದ ಸಭೆಗಳು ಅದನ್ನು ನೋಡಿ ಕಲಿತವು. ಆ ಕ್ರಮದಲ್ಲಿ ಕೊಡುವವರು ತಮ್ಮ ಬಲಗೈಯನ್ನು ಎದುರಿನವರ ಬಲಗೈಗೆ ತಾಗಿಸುತ್ತಾರೆ, ಮತ್ತೆ ಇಬ್ಬರೂ ಎಡಗೈಯನ್ನು ಇನ್ನೊಬ್ಬರ ಬಲಗೈ ಮೇಲೆ ಮುಚ್ಚುತ್ತಾರೆ. ಚಿಕ್ಕಂದಿನಲ್ಲಿ ಅದನ್ನು ಮಾಡಿದವರಿಗೆ ಕೈ ತಾನಾಗಿ ಹಾಗೇ ಹೋಗುತ್ತದೆ. ಇಲ್ಲಿಯೂ ಹಾಗೇ ಕೊಡಿ. ಪಕ್ಕದವರಿಗೆ ತೋರಿಸಿಕೊಡಿ.

ಕಾಣಿಕೆ ತಟ್ಟೆ ಬಂದಾಗ ಹೊಸಬರು ಹಾಕಲೇಬೇಕು ಅಂತಿಲ್ಲ, ಸುಮ್ನೆ ಮುಂದಕ್ಕೆ ದಾಟಿಸಿ. ಕರ್ತನ ಪ್ರಾರ್ಥನೆಯಲ್ಲಿ ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಅನ್ನುವ ಕಡೆ ಒಂದೊಂದು ಸಭೆ ಒಂದೊಂದು ಇಂಗ್ಲಿಷ್ ಮಾತು ಬಳಸುತ್ತದೆ, ಬುಲೆಟಿನ್ ನೋಡಿಕೊಳ್ಳಿ. ಅಥವಾ ಕನ್ನಡದಲ್ಲೇ ಹೇಳಿ. ಎಷ್ಟೋ ಸಭೆಗಳಲ್ಲಿ ‘ನಿಮ್ಮ ಹೃದಯದ ಭಾಷೆಯಲ್ಲಿ ಪ್ರಾರ್ಥಿಸಿ’ ಅಂತ ಅವರೇ ಹೇಳುತ್ತಾರೆ.

ಕರ್ತನ ಭೋಜನದ ಬಗ್ಗೆ ಜನರಿಗೆ ಜಾಸ್ತಿ ಭಯ. ಯುಸಿಸಿಯಲ್ಲಿ ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಇರುತ್ತದೆ, ಎಪಿಸ್ಕೋಪಲ್ ಮತ್ತು ಲುಥರನ್ ಸಭೆಗಳಲ್ಲಿ ಬಹುಪಾಲು ಪ್ರತಿ ಭಾನುವಾರ. ಕೆಲವು ಕಡೆ ಪುಟ್ಟ ಪುಟ್ಟ ಲೋಟಗಳ ತಟ್ಟೆ ಬೆಂಚಿನಿಂದ ಬೆಂಚಿಗೆ ಬರುತ್ತದೆ. ಕೆಲವು ಕಡೆ ಸಾಲಿನಲ್ಲಿ ಮುಂದೆ ಹೋಗಬೇಕು, ಒಬ್ಬರು ರೊಟ್ಟಿ ಮುರಿದು ನಿಮ್ಮ ಅಂಗೈಯಲ್ಲಿ ಇಡುತ್ತಾರೆ, ನೀವು ಅದನ್ನು ಇನ್ನೊಬ್ಬರು ಹಿಡಿದ ಬಟ್ಟಲಿನಲ್ಲಿ ಅದ್ದಿ ತಿನ್ನಬೇಕು. ಎಡಗೈ ಮೇಲೆ ಬಲಗೈ ಇಟ್ಟು ಚಾಚಿದರೆ ಸಾಕು. ಬಟ್ಟಲಿನಲ್ಲಿ ವೈನ್ ಇದೆಯೋ ದ್ರಾಕ್ಷಿ ರಸ ಇದೆಯೋ ಅಂತ ಬುಲೆಟಿನ್‌ನಲ್ಲಿ ಇರುತ್ತದೆ. ಗೋಧಿ ಆಗದವರಿಗೆ ಬೇರೆ ರೊಟ್ಟಿ ಇಡುತ್ತಾರೆ. ಯುಸಿಸಿ, ಮೆಥೊಡಿಸ್ಟ್ ಸಭೆಗಳಲ್ಲಿ ಮೇಜು ಎಲ್ಲರಿಗೂ ತೆರೆದಿರುತ್ತದೆ. ಎಪಿಸ್ಕೋಪಲ್ ನಿಯಮದ ಪ್ರಕಾರ ದೀಕ್ಷಾಸ್ನಾನ ಆದವರಿಗೆ ಮಾತ್ರ, ಆದರೂ ಎಷ್ಟೋ ಕಡೆ ಎಲ್ಲರನ್ನೂ ಕರೆಯುತ್ತಾರೆ. ತಗೊಳ್ಳುವುದು ಬೇಡ ಅನ್ನಿಸಿದ ಗಂಡನೋ ಹೆಂಡತಿಯೋ ಎದೆಯ ಮೇಲೆ ಕೈ ಅಡ್ಡ ಕಟ್ಟಿಕೊಂಡು ಹೋದರೆ ಆಶೀರ್ವಾದ ಮಾತ್ರ ಕೊಡುತ್ತಾರೆ. ಬೆಂಚಿನಲ್ಲೇ ಕೂತಿದ್ದರೂ ಪರವಾಗಿಲ್ಲ.

ಮುಗಿದ ಮೇಲೆ ಕಾಫಿಗೆ ನಿಲ್ಲಿ. ಓಡಿಹೋಗಬೇಡಿ. ಪರಿಚಯ ಆಗುವುದು ಅಲ್ಲೇ. ಪಾಸ್ಟರನ್ನು ಹೆಸರು ಹಿಡಿದು ಕರೆಯುತ್ತಾರೆ, ನಮಗೆ ಅದು ಬಾಯಿಗೆ ಬರುವುದಿಲ್ಲ, ಅಲ್ವಾ? ಹೆಸರಿಗೆ ಮೊದಲು ‘ಪಾಸ್ಟರ್’ ಸೇರಿಸಿ ಕರೆದರೆ ಯಾರಿಗೂ ಮುಜುಗರವಿಲ್ಲ. ವಯಸ್ಸಾದವರನ್ನು ಅಂಕಲ್, ಆಂಟಿ ಅನ್ನಬೇಡಿ, ಇಲ್ಲಿ ಅದು ಬೇರೆ ಥರ ಕೇಳಿಸುತ್ತದೆ. ನಿಮ್ಮ ಹೆಸರನ್ನು ಮಾತ್ರ ಕತ್ತರಿಸಿ ಕೊಡಬೇಡಿ. ನಿಧಾನವಾಗಿ ಎರಡು ಸಲ ಹೇಳಿಕೊಡಿ, ಕಲಿಯುತ್ತಾರೆ.

ಪ್ರಸಂಗ ಕೇಳುವುದು, ಸತ್ಯವೇದ ಓದುವುದು

ಈ ಸಭೆಗಳಲ್ಲಿ ಸತ್ಯವೇದಕ್ಕೆ ಬೆಲೆ ಇಲ್ಲ ಅನ್ನುವ ಮಾತು ಊರಿನಿಂದ ಬರುತ್ತಿರುತ್ತದೆ. ಅದು ನಿಜವಲ್ಲ. ಬಹುಪಾಲು ಸಭೆಗಳು 1992ರ ಪರಿಷ್ಕೃತ ಸಾಮಾನ್ಯ ಪಾಠಪಟ್ಟಿಯನ್ನು ಅನುಸರಿಸುತ್ತವೆ. ಯಾವ ಭಾನುವಾರ ಯಾವ ಭಾಗ ಓದಬೇಕು ಅನ್ನುವ ಪಟ್ಟಿ ಅದು, ಮೂರು ವರ್ಷದ ಸುತ್ತು. ಪಾಸ್ಟರಿಗೆ ಇಷ್ಟವಾದ ವಾಕ್ಯ ಮಾತ್ರ ಆರಿಸಿಕೊಳ್ಳಲು ಆಗುವುದಿಲ್ಲ, ಕಷ್ಟದ ಭಾಗಗಳೂ ಬರುತ್ತವೆ.

ಓದುವ ರೀತಿ ಬೇರೆ. ಒಂದು ಉದಾಹರಣೆ ನೋಡಿ. ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯದಲ್ಲಿ ಐಥಿಯೋಪ್ಯದ ಕಂಚುಕಿ, ಅಂದರೆ ವೃಷಣ ತೆಗೆಸಲ್ಪಟ್ಟ ಅರಮನೆಯ ಅಧಿಕಾರಿ, ಗಾಜಾ ದಾರಿಯಲ್ಲಿ ರಥದೊಳಗೆ ಕೂತು ಯೆಶಾಯನ ಗ್ರಂಥ ಓದುತ್ತಿರುತ್ತಾನೆ. ಆರಾಧನೆಗೆ ಅಂತ ಯೆರೂಸಲೇಮಿಗೆ ಹೋಗಿ ವಾಪಸು ಬರುತ್ತಿರುವವನು. ಧರ್ಮೋಪದೇಶಕಾಂಡ 23ರ ಪ್ರಕಾರ ಅಂಥವನು ದೇವರ ಸಭೆಗೆ ಸೇರಬಾರದು. ಯೆಶಾಯ 56ರಲ್ಲಿ ಮಾತ್ರ ಕಂಚುಕಿಗಳಿಗೆ ದೇವರ ಮನೆಯಲ್ಲೇ ಹೆಸರು ಕೊಡುತ್ತೇನೆ ಅನ್ನುವ ಮಾತಿದೆ. ದಾರಿಯಲ್ಲಿ ಸಿಕ್ಕಿ ಯೇಸುವಿನ ಸುವಾರ್ತೆ ಹೇಳಿದ ಫಿಲಿಪ್ಪನನ್ನು ಅವನು ಕೊನೆಗೆ ಕೇಳುತ್ತಾನೆ: ಇಗೋ ನೀರು, ನನಗೆ ದೀಕ್ಷಾಸ್ನಾನ ಆಗಲು ಏನಡ್ಡಿ? ಫಿಲಿಪ್ಪ ವಾದ ಮಾಡುವುದಿಲ್ಲ, ಅವನ ಜೊತೆ ನೀರಿಗಿಳಿಯುತ್ತಾನೆ. ಪ್ರೊಗ್ರೆಸಿವ್ ಸಭೆಗಳು ಈ ಕಥೆಗೆ ಮತ್ತೆ ಮತ್ತೆ ಬರುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಒಂದು ವಾಕ್ಯವನ್ನು ಇನ್ನೊಂದರ ಎದುರು ಇಟ್ಟು, ಸತ್ಯವೇದದೊಳಗೇ ನಡೆಯುತ್ತಿರುವ ಮಾತುಕತೆಯನ್ನು ಕೇಳಿಸಿಕೊಳ್ಳುತ್ತಾರೆ. ಬಾಗಿಲು ಅಗಲವಾಗುತ್ತಾ ಹೋದ ದಿಕ್ಕನ್ನು ನೋಡುತ್ತಾರೆ. ನನ್ನ ನಂಬಿಕೆ ಗಟ್ಟಿಯಾದದ್ದು ಇಂಥ ಓದಿನಿಂದಲೇ.

ಹಾಡುಗಳಲ್ಲಿ ದೇವರನ್ನು ತಂದೆ ಅನ್ನುವ ಕಡೆ ಕೆಲವೊಮ್ಮೆ ತಾಯಿ ಅಂತಲೂ ಬರುತ್ತದೆ. ಮೊದಲು ಕಿವಿಗೆ ಹೊಸದು ಅನ್ನಿಸುತ್ತದೆ. ತಾಯಿ ಮಗುವನ್ನು ಸಂತೈಸುವ ಹಾಗೆ ಅನ್ನುವ ಮಾತು ಯೆಶಾಯನಲ್ಲೇ ಇದೆ. ಒಪ್ಪಿಗೆಯಾಗದಿದ್ದರೆ ನಿಮ್ಮ ಬಾಯಲ್ಲಿ ತಂದೆ ಅಂತಲೇ ಹೇಳಿಕೊಳ್ಳಿ.

ಕನ್ನಡದ ಕೊರತೆ ಕಾಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಎಷ್ಟೇ ವರ್ಷವಾದರೂ ಇಂಗ್ಲಿಷ್ ಪ್ರಾರ್ಥನೆ ಗಂಟಲಿಗಿಂತ ಕೆಳಗೆ ಇಳಿಯದ ದಿನಗಳಿರುತ್ತವೆ. ಅದಕ್ಕೆ ಮನೆಯಲ್ಲಿ ಸಂಜೆ ಕನ್ನಡದಲ್ಲಿ ಒಂದು ಕೀರ್ತನೆ, ಒಂದು ಪಾಠ ಇಟ್ಟುಕೊಳ್ಳಿ, ಮಕ್ಕಳಿಗೂ ಕೇಳಿಸಲಿ. ಸಭೆಯಲ್ಲಿ ಪಂಚಾಶತ್ತಮ ಹಬ್ಬದ ಭಾನುವಾರಕ್ಕೆ ಮೊದಲೇ ಪಾಸ್ಟರಿಗೆ ಹೇಳಿಡಿ. ಆ ದಿನ ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯವನ್ನು ಎಷ್ಟೋ ಸಭೆಗಳಲ್ಲಿ ಹಲವು ಭಾಷೆಗಳಲ್ಲಿ ಓದುತ್ತಾರೆ. ನಿಮ್ಮ ಕನ್ನಡ ಸತ್ಯವೇದ ತಗೊಂಡು ಹೋಗಿ ಓದಿ. ಮೈಕಿನಲ್ಲಿ ಕನ್ನಡ ಕೇಳಿಸಿದಾಗ ಆ ಕಟ್ಟಡ ಸ್ವಲ್ಪ ನಿಮ್ಮದಾಗುತ್ತದೆ.

ಒಂದು ಎಚ್ಚರಿಕೆ. ಆರಾಧನೆಯ ನಡುವೆ ಸಂತೋಷ, ಚಿಂತೆ ಹಂಚಿಕೊಳ್ಳಿ ಅಂತ ಮೈಕು ಕೊಡುತ್ತಾರೆ. ಜನ ಕಾಯಿಲೆ, ಮಗನ ಕುಡಿತ, ಕೆಲಸ ಹೋದದ್ದು ಎಲ್ಲ ಹೇಳುತ್ತಾರೆ. ಅದು ನೇರ ಪ್ರಸಾರ ಆಗುತ್ತಿದೆಯಾ ಅಂತ ಮೊದಲು ನೋಡಿಕೊಳ್ಳಿ. ನೀವು ಇಲ್ಲಿ ಹೇಳಿದ್ದು ಸಂಜೆಯೊಳಗೆ ಹುಬ್ಬಳ್ಳಿಯ ಚಿಕ್ಕಮ್ಮನ ಫೋನಿನಲ್ಲಿ ಇರಬಹುದು. ಬೇರೆಯವರ ವಿಷಯವನ್ನಂತೂ, ಸ್ವಂತ ಮಕ್ಕಳದ್ದೇ ಆದರೂ, ಅವರನ್ನು ಕೇಳದೆ ಹೇಳಬೇಡಿ. ಪಾಸ್ಟರಿಗೆ ಒಬ್ಬರಿಗೇ ಹೇಳಿದರೆ ಸಾಮಾನ್ಯವಾಗಿ ಗುಟ್ಟು ಕಾಪಾಡುತ್ತಾರೆ.

ಸೇರುವುದು, ದುಡ್ಡು, ಕೆಲಸ

ನಾಲ್ಕೈದು ತಿಂಗಳು ಹೋಗಿ ನೋಡಿ, ಅವಸರ ಬೇಡ. ಸೇರಬೇಕು ಅನ್ನಿಸಿದರೆ ಹೊಸ ಸದಸ್ಯರ ತರಗತಿ ಇರುತ್ತದೆ. ಊರಿನ ಸಭೆಯಿಂದ ಸದಸ್ಯತ್ವದ ಪತ್ರ ತರಿಸಿದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಮಗುವಾಗಿದ್ದಾಗ ದೀಕ್ಷಾಸ್ನಾನ ಆಗಿದ್ದರೆ ಇಲ್ಲಿ ಮತ್ತೆ ಕೊಡುವುದಿಲ್ಲ, ಅದನ್ನೇ ಒಪ್ಪುತ್ತಾರೆ.

ಶರತ್ಕಾಲದಲ್ಲಿ ಪ್ಲೆಡ್ಜ್ ಕಾರ್ಡು ಬರುತ್ತದೆ. ಮುಂದಿನ ವರ್ಷ ಎಷ್ಟು ಕಾಣಿಕೆ ಕೊಡಬಹುದು ಅನ್ನುವ ಅಂದಾಜು ಅದು. ಕೈಲಾದಷ್ಟು ಬರೆಯಿರಿ. ಕೆಲಸ ಹೋದರೆ ಕಡಿಮೆ ಮಾಡಿ ಅಂತ ಹೇಳಬಹುದು. ವಾರ್ಷಿಕ ಸಭೆಗೆ ತಪ್ಪದೆ ಹೋಗಿ, ಬಜೆಟ್ಟಿನ ಹಾಳೆ ಕೈಗೆ ಬರುತ್ತದೆ, ಓದಿ. ಪಾಸ್ಟರ್ ಸಂಬಳ ಎಷ್ಟು, ಚಾವಣಿ ರಿಪೇರಿಗೆ ಎಷ್ಟು, ಬಡವರ ಊಟಕ್ಕೆ ಎಷ್ಟು ಅಂತ ಅದರಲ್ಲೇ ಕಾಣುತ್ತದೆ. ಸಭೆಯ ನಿಜವಾದ ಮನಸ್ಸು ಆ ಹಾಳೆಯಲ್ಲಿದೆ. ಪ್ರಶ್ನೆ ಕೇಳಿ, ಓಟು ಹಾಕಿ.

ಆಮೇಲೆ ಒಂದು ಕೆಲಸ ಹಿಡಿಯಿರಿ. ಪಾತ್ರೆ ತೊಳೆಯುವುದು, ಫುಡ್ ಪ್ಯಾಂಟ್ರಿಯಲ್ಲಿ ಅಕ್ಕಿ ಬೇಳೆ ಡಬ್ಬಿ ಜೋಡಿಸುವುದು, ಕ್ವಯರಿನಲ್ಲಿ ಹಾಡುವುದು, ಬುಲೆಟಿನ್ ಮಡಿಸುವುದು, ಯಾವುದಾದರೂ. ಬರೀ ಅತಿಥಿಯಾಗಿ ಕೂತರೆ ಅತಿಥಿಯಾಗಿಯೇ ಉಳಿಯುತ್ತೀರಿ. ಸಿಂಕಿನ ಮುಂದೆ ಪಕ್ಕ ಪಕ್ಕ ನಿಂತು ಲೋಟ ಒರೆಸುವಾಗ ಜನ ಮಾತಾಡುವ ಹಾಗೆ ಬೆಂಚಿನಲ್ಲಿ ಕೂತು ಮಾತಾಡುವುದಿಲ್ಲ. ಮಕ್ಕಳ ಜೊತೆ ಕೆಲಸ ಮಾಡಬೇಕಾದರೆ ನಿಮ್ಮ ಹಿನ್ನೆಲೆ ಪರಿಶೀಲನೆ ಮಾಡುತ್ತಾರೆ, ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು ಅನ್ನುತ್ತಾರೆ. ಅವಮಾನ ಅಂದುಕೊಳ್ಳಬೇಡಿ. ಇದು ಎಲ್ಲರಿಗೂ ಒಂದೇ ನಿಯಮ, ಮಕ್ಕಳ ರಕ್ಷಣೆಗೆ ಇರುವುದು. ಇಂಥ ನಿಯಮ ಇಲ್ಲದ ಸಭೆಯ ಬಗ್ಗೆಯೇ ಯೋಚಿಸಬೇಕು.

ಪಾಟ್‌ಲಕ್ ಅಂದರೆ ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವುದು. ಚಿತ್ರಾನ್ನ ಒಳ್ಳೆಯ ಆಯ್ಕೆ, ತಣ್ಣಗಾದರೂ ರುಚಿ ಕೆಡುವುದಿಲ್ಲ. ಆದರೆ ಕಡಲೆಬೀಜ ಹಾಕಿದ್ದರೆ ಕಾರ್ಡಿನಲ್ಲಿ ದೊಡ್ಡದಾಗಿ ಬರೆದು ಪಾತ್ರೆಯ ಮುಂದೆ ಇಡಿ, ಕಡಲೆಬೀಜದ ಅಲರ್ಜಿ ಇಲ್ಲಿ ಜೀವಕ್ಕೇ ಅಪಾಯ ತರುವಷ್ಟು ಇರುತ್ತದೆ. ಇಂಗಿನ ಪುಡಿಯಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಡಬ್ಬಿ ತಿರುಗಿಸಿ ಓದಿ, ಇದ್ದರೆ ಅದನ್ನೂ ಬರೆಯಿರಿ. ಮೆಣಸಿನಕಾಯಿ ಮೇಲೆಯೇ ಕಾಣುವ ಹಾಗೆ ಇಡಿ. ಬಡಿಸುವ ಸೌಟು ನೀವೇ ತಗೊಂಡು ಹೋಗಿ, ಅದರ ಹಿಡಿಗೆ ಹೆಸರು ಅಂಟಿಸಿ.

ಮನೆಯ ಮಗುವಿಗಾಗಿ ಬಂದವರಿಗೆ

ಮಗನೋ ಮಗಳೋ ತಮ್ಮ ವಿಷಯ ಹೇಳಿದ ಮೇಲೆ ಚರ್ಚು ಹುಡುಕುತ್ತಾ ಬರುವ ಅಪ್ಪ ಅಮ್ಮ ಬಹಳ ಇದ್ದಾರೆ. ನಿಮಗೆ ನೇರವಾಗಿ ಹೇಳುತ್ತೇನೆ. ಮೊದಲು ನೀವೊಬ್ಬರೇ ಹೋಗಿ. ಮಗುವನ್ನು ಎಳೆದುಕೊಂಡು ಹೋಗಿ ‘ನೋಡು, ಇವರೂ ನಿನ್ನ ಹಾಗೇ’ ಅಂತ ತೋರಿಸಬೇಡಿ. ಹಳೆಯ ಚರ್ಚಿನಲ್ಲಿ ಅವರು ಏನೇನು ಕೇಳಿಸಿಕೊಂಡಿದ್ದಾರೆ ಅಂತ ನಿಮಗೆ ಪೂರ್ತಿ ಗೊತ್ತಿರುವುದಿಲ್ಲ. ನೀವು ಹೋಗಿ ಬರುತ್ತಿದ್ದರೆ, ಊಟದ ಹೊತ್ತಿನಲ್ಲಿ ಅಲ್ಲಿಯ ಒಂದು ಮಾತು ಹೇಳಿದರೆ ಸಾಕು. ಬರುವುದಾದರೆ ಅವರ ಕಾಲದಲ್ಲಿ ಬರುತ್ತಾರೆ. ಬರದೆಯೂ ಇರಬಹುದು. ಆಗಲೂ ನಿಮ್ಮ ಮನೆ ಅವರಿಗೆ ತೆರೆದೇ ಇರಬೇಕು.

ಊರಿನ ನೆಂಟರಿಗೆ ಯಾರು, ಯಾವಾಗ ಹೇಳಬೇಕು ಅನ್ನುವುದು ಮಗುವಿನ ತೀರ್ಮಾನ. ಕಾನೂನಿನ ವಿಷಯವೂ ತಿಳಿದಿರಲಿ. ಅಮೆರಿಕದಲ್ಲಿ 2015ರ ಜೂನ್ 26ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಒಂದೇ ಲಿಂಗದವರ ಮದುವೆ ಎಲ್ಲ ರಾಜ್ಯಗಳಲ್ಲೂ ಸಿಂಧು. ಭಾರತದಲ್ಲಿ 2018ರ ಸೆಪ್ಟೆಂಬರ್ 6ರ ತೀರ್ಪು, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಭಯ ತೆಗೆಯಿತು, ಆದರೆ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮದುವೆಯ ಹಕ್ಕನ್ನು ಕೊಡಲಿಲ್ಲ. ಇಲ್ಲಿಯ ಚರ್ಚಿನಲ್ಲಿ ಚೆನ್ನಾಗಿ ನಡೆದ ಮದುವೆ ಬೆಂಗಳೂರಿನ ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಮದುವೆ ಅಂತ ಲೆಕ್ಕಕ್ಕೆ ಬರುವುದಿಲ್ಲ. ಆಸ್ತಿ, ವಿಲ್ಲು, ನಾಮಿನಿ ಪತ್ರಗಳನ್ನು ಬೇರೆಯಾಗಿಯೇ ಮಾಡಿಸಬೇಕು.

ಇವರಲ್ಲೂ ಕೊರತೆಗಳಿವೆ

ಈ ಸಭೆಗಳಲ್ಲಿ ಬಹಳಷ್ಟು ಕಡೆ ಬಿಳಿಯರೇ ಜಾಸ್ತಿ, ವಯಸ್ಸಾದವರೇ ಜಾಸ್ತಿ. ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದೆ ಅಂತ ಹೊಗಳುತ್ತಾರೆ. ಕ್ರೈಸ್ತರಾದದ್ದು ಯಾವಾಗ ಅಂತ ಕೇಳುತ್ತಾರೆ, ನಿಮ್ಮ ಮನೆಯಲ್ಲಿ ಐದು ತಲೆಮಾರಿನಿಂದ ಸಭೆ ಇದ್ದರೂ. ಪ್ರತಿ ಸಲವೂ ನಿಮ್ಮನ್ನು ಭಾರತದ ಊಟಕ್ಕೆ, ಭಾರತದ ಉಡುಪಿಗೆ ಕರೆದು, ಹಣಕಾಸಿನ ಸಮಿತಿಗೆ ಒಮ್ಮೆಯೂ ಕರೆಯದಿದ್ದರೆ ಸುಮ್ಮನಿರಬೇಡಿ. ಬಾಗಿಲ ಮೇಲಿನ ಬೋರ್ಡಿಗೂ ಒಳಗಿನ ಹಂಚಿಕೆಗೂ ತಾಳೆಯಾಗುತ್ತಿಲ್ಲ ಅಂತ ಅರ್ಥ. ಪಾಸ್ಟರ್ ಹತ್ತಿರ ಒಂದು ಗಂಟೆ ಕೇಳಿ ತಗೊಂಡು, ಯಾವ ದಿನ ಏನಾಯಿತು ಅಂತ ಬಿಡಿಸಿ ಹೇಳಿ. ಒಳ್ಳೆಯ ಸಭೆ ತಿದ್ದಿಕೊಳ್ಳುತ್ತದೆ. ವರ್ಷವಾದರೂ ಏನೂ ಬದಲಾಗದಿದ್ದರೆ ಬೇರೆ ಸಭೆ ನೋಡಿ, ದೇವರನ್ನು ಬಿಟ್ಟು ಹೋದ ಹಾಗೇನೂ ಆಗುವುದಿಲ್ಲ.

ಜಾತಿಯ ಬಗ್ಗೆ ಇವರಿಗೆ ಏನೂ ತಿಳಿಯದು. ನಮ್ಮ ಕ್ರೈಸ್ತರಲ್ಲೂ ಜಾತಿ ಉಳಿದಿದೆ, ಮದುವೆಯ ಮಾತು ಬಂದಾಗ ಗೊತ್ತಾಗುತ್ತದೆ. ಇಬ್ಬರು ಭಾರತೀಯರು ಸಭೆಯಲ್ಲಿದ್ದರೆ ಅವರ ನಡುವೆ ಏನು ನಡೆಯುತ್ತಿದೆ ಅಂತ ಅಮೆರಿಕದವರಿಗೆ ಕಾಣುವುದಿಲ್ಲ. ಅದನ್ನು ಹೇಳಬೇಕಾದವರು ನಾವೇ, ಅದರಲ್ಲೂ ಪೆಟ್ಟು ತಿನ್ನದ ಜಾತಿಯಿಂದ ಬಂದವರು ಮೊದಲು ಬಾಯಿ ಬಿಡಬೇಕು. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಅನ್ನುವ, ಗಲಾತ್ಯದವರಿಗೆ ಬರೆದ ಪತ್ರ 3:28 ಓದಿದ ಮೇಲೆ ಸುಮ್ಮನಿರಲು ನಮಗೆ ಕಾರಣವೇ ಇಲ್ಲ.

ಊರಿನಿಂದ ಅಪ್ಪ ಅಮ್ಮ ಬಂದಾಗ

ಆರು ತಿಂಗಳಿಗೆ ಅಂತ ಬರುತ್ತಾರೆ, ಭಾನುವಾರ ಚರ್ಚಿಗೆ ಹೋಗೋಣ ಅನ್ನುತ್ತಾರೆ. ಹಿಂದಿನ ರಾತ್ರಿಯೇ ಹೇಳಿಬಿಡಿ: ಇಲ್ಲಿಯ ಪಾಸ್ಟರ್ ಹೆಂಗಸು, ಅವರ ಸಂಗಾತಿಯೂ ಹೆಂಗಸು, ಒಳ್ಳೆಯವರು, ನಾನು ಆಸ್ಪತ್ರೆಯಲ್ಲಿದ್ದಾಗ ಬಂದು ಪ್ರಾರ್ಥನೆ ಮಾಡಿದವರು. ಅಲ್ಲೇ ಗೊತ್ತಾಗಲಿ ಅಂತ ಬಿಡಬೇಡಿ, ಹಿರಿಯರನ್ನು ಹಾಗೆ ಇಕ್ಕಟ್ಟಿಗೆ ಸಿಕ್ಕಿಸಬಾರದು. ಹೆಂಗಸು ಪಾಸ್ಟರಾ ಅಂತ ಕೇಳಿದರೆ, ಸಿಎಸ್‌ಐಯಲ್ಲೂ 1976ರಿಂದ ಹೆಂಗಸರಿಗೆ ದೀಕ್ಷೆ ಇದೆ, 2013ರಲ್ಲಿ ನಂದ್ಯಾಲದಲ್ಲಿ ಪುಷ್ಪ ಲಲಿತ ಬಿಷಪ್ ಆದರು ಅಂತ ನೆನಪಿಸಿ. ಉಳಿದದ್ದಕ್ಕೆ ವಾದ ಬೇಡ, ಅವರೇ ಬಂದು ನೋಡಲಿ. ಬೇಡ ಅಂದರೆ ಆ ಭಾನುವಾರ ಮನೆಯಲ್ಲೇ ಅವರ ಜೊತೆ ಕನ್ನಡದಲ್ಲಿ ಆರಾಧನೆ ಮಾಡಿ, ಮುಂದಿನ ವಾರ ಮತ್ತೆ ಕೇಳಿ.

ಬರುತ್ತೇನೆ ಅಂದರೆ ಅವತ್ತಿನ ಹಾಡುಗಳ ಪಟ್ಟಿಯನ್ನು ಚರ್ಚ್ ಆಫೀಸಿನಿಂದ ಮೊದಲೇ ತರಿಸಿಕೊಳ್ಳಿ. ಬಾಸೆಲ್ ಮಿಷನ್ ಕಾಲದಿಂದ ಬಂದ ನಮ್ಮ ಎಷ್ಟೋ ಕೀರ್ತನೆಗಳ ರಾಗ ಜರ್ಮನ್, ಇಂಗ್ಲಿಷ್ ಹಾಡುಗಳದ್ದೇ, ಹಾಗಾಗಿ ಒಂದಾದರೂ ಅವರಿಗೆ ಗೊತ್ತಿರುವ ರಾಗ ಸಿಕ್ಕೇ ಸಿಗುತ್ತದೆ. ಕನ್ನಡದ ಸಾಲುಗಳನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡಿ ಕೈಗೆ ಕೊಡಿ, ಅವರು ಕನ್ನಡದಲ್ಲೇ ಹಾಡಲಿ. ಶೀತ ಆಗದ ಹಾಗೆ ಒಂದು ಶಾಲು ಇರಲಿ, ಇಲ್ಲಿ ಬೇಸಿಗೆಯಲ್ಲೂ ಏಸಿ ಜೋರಾಗಿರುತ್ತದೆ. ಕಾಫಿಯ ಹೊತ್ತಿನಲ್ಲಿ ಅವರನ್ನು ಬಿಟ್ಟು ಹೋಗಬೇಡಿ, ಪಕ್ಕದಲ್ಲೇ ಕೂತು ಎರಡೂ ಕಡೆಯ ಮಾತನ್ನು ತಿಳಿಸಿಕೊಡಿ. ಊರಿಗೆ ಹೊರಡುವ ಮುಂಚಿನ ಭಾನುವಾರ ಯಾವುದು ಅಂತ ಪಾಸ್ಟರಿಗೆ ತಿಳಿಸಿಟ್ಟರೆ, ಅವರನ್ನು ಮುಂದೆ ಕರೆದು ಪ್ರಯಾಣಕ್ಕಾಗಿ ಪ್ರಾರ್ಥಿಸುತ್ತಾರೆ. ಅಪ್ಪನಿಗೋ ಅಮ್ಮನಿಗೋ ಇಷ್ಟವಿದ್ದರೆ ಅಲ್ಲಿ ಒಂದೆರಡು ಮಾತು ಕನ್ನಡದಲ್ಲಿ ಅವರೇ ಪ್ರಾರ್ಥನೆ ಮಾಡಬಹುದಾ ಅಂತಲೂ ಕೇಳಿ ನೋಡಿ.